‘ಊರಿಗೆ ಬಂದಾಗ ತೋರಿಸಿದರಾಯ್ತು’

ಉಡುಪಿಯಲ್ಲಿ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ನಾನು ರಜೆಗೆ ಬಂದವಳು, ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದೇನೆ. ಒಳಗೆ ಚಿಕ್ಕಮ್ಮನ ಮೊಮ್ಮಗನ ಸೂಟ್‌ಕೇಸ್ ತುಂಬುವ ಗಲಾಟೆ. ಸೆಪ್ಟೆಂಬರಿಗೆ ಅವ ಓದಲಿಕ್ಕೆ ಇಂಗ್ಲೆಂಡಿಗೆ ಹೊರಟಿದ್ದಾನೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಾರಿನ ಪುಡಿ, ಎರಡು ಕಿಲೋ ಚಕ್ಕುಲಿ. ತೂಕ ನೋಡುವುದು, ಒಂದು ಕಟ್ಟು ತೆಗೆಯುವುದು, ಮತ್ತೆ ತೂಕ ನೋಡುವುದು.

“ಹಲ್ಲು ತೋರಿಸಿದ್ದೀಯಾ?” ಅಂತ ಕೇಳಿದೆ. ಎಲ್ಲರೂ ನಕ್ಕರು. “ಅವನಿಗೆ 23 ವರ್ಷ ಅತ್ತಿಗೆ, ಹಲ್ಲು ಬೀಳುವ ಪ್ರಾಯ ಅಲ್ಲ” ಅಂದಳು ಅವನ ಅಮ್ಮ. “ನೋವಿದ್ದರೆ ಅಲ್ವಾ ತೋರಿಸುವುದು? ಊರಿಗೆ ಬಂದಾಗ ತೋರಿಸಿದರಾಯ್ತು” ಅಂದರು ಚಿಕ್ಕಮ್ಮ.

17 ವರ್ಷದ ಹಿಂದೆ ನಾನು ಹೊರಟಾಗಲೂ ಇದೇ ಮಾತು ಹೇಳಿದ್ದರು. ಅದನ್ನು ನಂಬಿ ನಾನು ಕಳೆದುಕೊಂಡದ್ದು ಕೆಳಗಿನ ಎಡ ದವಡೆಯ ಒಂದು ಹಲ್ಲು, ಆಸ್ಪತ್ರೆಯಲ್ಲಿ ಐದು ರಾತ್ರಿ, ಮತ್ತು ಡಿಸೆಂಬರ್‌ನ ವಿಮಾನ ಟಿಕೆಟು. ಹಾಗಾಗಿ ಹೊರಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಉಪ್ಪಿನಕಾಯಿ ಪ್ಯಾಕ್ ಮಾಡುವುದು ಹೇಗೆ ಅಂತ ಹೇಳಲಿಕ್ಕೆ ಬೇರೆಯವರು ಇದ್ದಾರೆ.

ನಮ್ಮದು ಹಲ್ಲಿನ ಡಾಕ್ಟರುಗಳ ಊರು ಮಾರಾಯ್ರೆ. ಮಣಿಪಾಲದಲ್ಲಿ 1965ರಿಂದ ಡೆಂಟಲ್ ಕಾಲೇಜು ಉಂಟು. ಮಂಗಳೂರಿನ ಆಚೆ ದೇರಳಕಟ್ಟೆ ಒಂದರಲ್ಲೇ ಎರಡು. ಪೇಟೆಯಲ್ಲಿ ಒಂದು ಬೀದಿ ನಡೆದರೆ ಮೂರು ಬೋರ್ಡು ಸಿಗುತ್ತದೆ. ಸಂಜೆ ಆರಕ್ಕೆ ಹೋದರೆ ಏಳಕ್ಕೆ ಹಲ್ಲು ಕೀಳಿಸಿಕೊಂಡು ಮನೆಗೆ ಬರಬಹುದು. ಹೀಗೆ ಬೆಳೆದವರಿಗೆ ಹಲ್ಲಿನ ಡಾಕ್ಟರು ಸಿಗದೇ ಇರುವುದು ಅಂದರೆ ಏನು ಅಂತ ಕಲ್ಪನೆಯೇ ಬರುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಮೊದಲ ಚಳಿಗಾಲ. ಅಮ್ಮ ಕಳಿಸಿದ ಚಕ್ಕುಲಿ ಕಚ್ಚಿದಾಗ ‘ಕಟ್’ ಅಂತ ಸದ್ದಾಯಿತು. ಚಕ್ಕುಲಿಯದ್ದೇ ಸದ್ದು ಅಂದುಕೊಂಡೆ. ಮರುದಿನ ತಣ್ಣೀರು ಕುಡಿದಾಗ ಝುಮ್ ಅಂತು. ಒಂದು ವಾರ ಕಳೆದ ಮೇಲೆ ಬಿಸಿ ಚಾ ಕುಡಿದಾಗಲೂ ಶುರುವಾಯಿತು. ಗುಟುಕು ನುಂಗಿ ಅರ್ಧ ನಿಮಿಷ ಆದರೂ ನೋವು ನಿಲ್ಲುತ್ತಿರಲಿಲ್ಲ. ರಾತ್ರಿ ಮಲಗಿದರೆ ಜಾಸ್ತಿ.

ಇಲ್ಲಿ ಗಮನಿಸಿ. ತಣ್ಣಗಿನದು ತಾಗಿದಾಗ ಝುಮ್ ಅಂದು ಕೂಡಲೇ ಹೋಗುವ ನೋವಿಗೆ ಇನ್ನೂ ಸ್ವಲ್ಪ ಸಮಯ ಉಂಟು. ನಿಂತುಕೊಳ್ಳುವ ನೋವು, ಬಿಸಿಗೂ ಬರುವ ನೋವು, ನಿದ್ದೆ ಕೆಡಿಸುವ ನೋವು ಅಂದರೆ ಹಲ್ಲಿನ ಒಳಗಿನ ನರಕ್ಕೆ ತಾಗಿದೆ ಅಂತ ಲೆಕ್ಕ. ಆವತ್ತೇ ಫೋನ್ ಮಾಡಬೇಕಿತ್ತು. ನಾನು ಮಾಡಿದ್ದು ಏನು? ಊರಿಂದ ತಂದ ಮಾತ್ರೆಯ ಡಬ್ಬ ತೆರೆದೆ.

ಆ ಡಬ್ಬ ನಮ್ಮೆಲ್ಲರ ಹತ್ತಿರ ಇರುತ್ತದೆ. ಡೋಲೊ, ಕಾಂಬಿಫ್ಲಾಮ್, ‘ಬೇಕಾದೀತು’ ಅಂತ ಮೆಡಿಕಲ್‌ನವರು ಕೊಟ್ಟ ಆ್ಯಂಟಿಬಯೋಟಿಕ್‌ನ ಒಂದು ಸ್ಟ್ರಿಪ್. ನಾನು ಡೋಲೊ ತಿಂದೆ, ಸಾಲದೆ ಕಾಂಬಿಫ್ಲಾಮ್ ತಿಂದೆ, ಶೀತ ಇತ್ತು ಅಂತ ಅಲ್ಲಿನ ಅಂಗಡಿಯ ಶೀತದ ಪುಡಿಯನ್ನೂ ಬಿಸಿನೀರಿಗೆ ಹಾಕಿ ಕುಡಿದೆ. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ ಅಂತ ಡಬ್ಬದ ಹಿಂದೆ ಬರೆದಿತ್ತು, ಓದಿದವರು ಯಾರು? ದೊಡ್ಡವರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮಿತಿ. 500ರ ಮಾತ್ರೆ ಆದರೆ 8, 650 ಆದರೆ 6. ಅದನ್ನು ಮೀರಿದರೆ ಲಿವರ್ ಕೆಡುತ್ತದೆ. ಕೆಡುವಾಗ ಮೊದಲ ದಿನ ಗೊತ್ತೂ ಆಗುವುದಿಲ್ಲ. ಹಲ್ಲುನೋವಿಗೆ ಲೆಕ್ಕ ತಪ್ಪಿ ತಿಂದು ಆಸ್ಪತ್ರೆ ಸೇರುವವರು ನಿಜವಾಗಿಯೂ ಇದ್ದಾರೆ. ಆ ಕಾರಣಕ್ಕೆ ನಾನು ಸೇರದೇ ಇದ್ದದ್ದು ಅದೃಷ್ಟ. ಆ್ಯಂಟಿಬಯೋಟಿಕ್ ನಾಲ್ಕು ತಿಂದು ನಿಲ್ಲಿಸಿದೆ, ಅದು ಇನ್ನೊಂದು ದಡ್ಡತನ. ಒಳಗೆ ಕೊಳೆತದ್ದನ್ನು ಯಾರಾದರೂ ತೆಗೆಯಲೇಬೇಕು. ಮಾತ್ರೆ ತೆಗೆಯುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನೋವು ನಿಂತಿತು. ಪೂರ್ತಿ! ಅಮ್ಮನಿಗೆ ಫೋನ್ ಮಾಡಿ “ಲವಂಗ ಕೆಲಸ ಮಾಡಿತು” ಅಂದೆ. ಡಿಸೆಂಬರ್‌ಗೆ ಟಿಕೆಟ್ ಆಗಿತ್ತು. ಊರಿಗೆ ಹೋಗಿ ನಮ್ಮ ಡಾಕ್ಟರಿಗೆ ತೋರಿಸುವುದು ಅಂತ ನೆಮ್ಮದಿಯಿಂದ ಇದ್ದೆ. ನೋವು ತಾನಾಗಿ ನಿಂತದ್ದು ವಾಸಿಯಾಗಿ ಅಲ್ಲ, ನರ ಸತ್ತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನೋವಿಲ್ಲದ ಮೂರು ವಾರ ಒಳಗೆ ಕೀವು ತನ್ನ ಪಾಡಿಗೆ ಕಟ್ಟುತ್ತಿತ್ತು.

ನಾಲ್ಕನೇ ವಾರ ಕೆನ್ನೆ ಬನ್ಸ್‌ನ ಹಾಗೆ ಉಬ್ಬಿತು. ನಮ್ಮ ಹೋಟೆಲಿನ ಬನ್ಸ್, ಎಣ್ಣೆಯಿಂದ ಆಗಷ್ಟೇ ತೆಗೆದದ್ದು. ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಅಜ್ಜಿ ಸೊಂಟಕ್ಕೆ ಕೊಡುತ್ತಿದ್ದದ್ದು ನೋಡಿ ಕಲಿತದ್ದು. ಕೀವು ತುಂಬಿದ ಊತಕ್ಕೆ ಶಾಖ ಕೊಡಬಾರದು, ಊತ ಇನ್ನೂ ಜಾಸ್ತಿಯಾಗುತ್ತದೆ. ಹೊರಗಿನಿಂದ ತಣ್ಣಗಿನ ಬಟ್ಟೆ ಇಡಿ, ಅಷ್ಟೇ. ವಸಡಿನ ಮೇಲೆ ಆ್ಯಸ್ಪಿರಿನ್ ಮಾತ್ರೆ ಅದುಮಿ ಇಡುವವರಿದ್ದಾರೆ, ಅದು ಸುಡುತ್ತದೆ. ಲವಂಗದ ಎಣ್ಣೆಯನ್ನೂ ಬಾಟಲಿಯಿಂದ ಹಾಗೆಯೇ ಸುರಿದರೆ ಸುಡುತ್ತದೆ.

ಕೊನೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಹಾಯವಾಣಿಗೆ ಫೋನ್ ಮಾಡಿದೆ. ಈಗ ಅದಕ್ಕೆ 111 ಅಂತ ನಂಬರು. ಇಂಗ್ಲೆಂಡಿನಲ್ಲಿ ಪ್ರಾಣಕ್ಕೆ ಅಪಾಯ ಇಲ್ಲದ ತುರ್ತಿಗೆ ಇದು, ಪುಕ್ಕಟೆ, ದಿನದ 24 ಗಂಟೆ. ನನ್ನ ನಿಜವಾದ ತಪ್ಪು ಆಗಿದ್ದು ಈ ಫೋನಿನಲ್ಲೇ. ಆಚೆಯಿಂದ ಒಬ್ಬಾಕೆ “ನೋವು ಹತ್ತರಲ್ಲಿ ಎಷ್ಟು?” ಅಂತ ಕೇಳಿದಳು. ನಾಲ್ಕು ಅಂದೆ. “ಬಾಯಿ ತೆರೆಯಲಿಕ್ಕೆ ಆಗುತ್ತದಾ?” ಪರವಾಗಿಲ್ಲ, ಸ್ವಲ್ಪ ಆಗುತ್ತದೆ. “ನುಂಗಲಿಕ್ಕೆ?” ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ. ನಮ್ಮಲ್ಲಿ ಡಾಕ್ಟರು ಮುಖ ನೋಡಿಯೇ ಬೈದು ಒಳಗೆ ಕರೆಯುತ್ತಾರೆ. ‘ತುಂಬಾ ನೋವು’ ಅಂತ ಬಾಯಿಬಿಟ್ಟು ಹೇಳುವುದು ನಮಗೆ ಮರ್ಯಾದೆ ಅಲ್ಲ. ಅಲ್ಲಿ ಅವಳಿಗೆ ನನ್ನ ಮುಖ ಕಾಣುತ್ತಿಲ್ಲ, ನನ್ನ ಮಾತನ್ನೇ ಬರೆದುಕೊಳ್ಳುತ್ತಾಳೆ. ನಾಲ್ಕು ಅಂದವಳಿಗೆ ನಾಲ್ಕಕ್ಕೆ ತಕ್ಕ ಜಾಗ ಸಿಕ್ಕಿತು: ಎರಡು ದಿನ ಬಿಟ್ಟು.

ಎರಡು ದಿನ ಕಾಯಲಿಕ್ಕೆ ಆಗಲಿಲ್ಲ. ಮರುದಿನ ರಾತ್ರಿ ಹಲ್ಲುಗಳ ನಡುವೆ ಒಂದು ಬೆರಳು ಮಾತ್ರ ಹೋಗುತ್ತಿತ್ತು. ನಾಲಗೆಯ ಕೆಳಗೆ ಗಟ್ಟಿ, ಎಂಜಲು ನುಂಗಲಿಕ್ಕೆ ಆಗದೆ ಟವೆಲಿಗೆ ಸುರಿಯುತ್ತಿತ್ತು, ಚಳಿಜ್ವರ. ಗಂಡ ಆಂಬ್ಯುಲೆನ್ಸಿನ 999ಕ್ಕೆ ಫೋನ್ ಮಾಡಿದರು. ಕುತ್ತಿಗೆಯ ಹೊರಗಿನಿಂದ ಕೊಯ್ದು ಕೀವು ತೆಗೆದರು. ಆ ಗೆರೆ ಈಗಲೂ ಉಂಟು, ಫೋಟೋಗೆ ನಿಲ್ಲುವಾಗ ನಾನು ಸ್ವಲ್ಪ ಎಡಕ್ಕೆ ತಿರುಗುತ್ತೇನೆ.

ಹಾಗಾಗಿ ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹೋದರೆ, ಉಸಿರು ಕಟ್ಟಿದರೆ, ನುಂಗಲಿಕ್ಕೆ ಆಗದಿದ್ದರೆ, ಬಾಯಿ ತೆರೆಯದಿದ್ದರೆ, ಮಾತು ತೊದಲಿದರೆ ಅದು ಹಲ್ಲುನೋವು ಅಲ್ಲ. ಸೀದಾ ಆಸ್ಪತ್ರೆಯ ತುರ್ತು ವಿಭಾಗ ಅಥವಾ 999. ಒತ್ತಿ ಹಿಡಿದರೂ ನಿಲ್ಲದ ರಕ್ತಕ್ಕೂ ಹಾಗೆಯೇ. ಬರೀ ಹಲ್ಲುನೋವಿಗೆ ಅಲ್ಲಿಗೆ ಹೋದರೆ ಗಂಟೆಗಟ್ಟಲೆ ಕೂರಿಸಿ ನೋವಿನ ಮಾತ್ರೆ ಕೊಟ್ಟು ಕಳಿಸುವುದೇ ಜಾಸ್ತಿ, ಅಲ್ಲಿ ಹಲ್ಲು ಕೀಳುವವರು ಸಾಮಾನ್ಯವಾಗಿ ಇರುವುದಿಲ್ಲ. ಅಪ್ಪ ಅಮ್ಮ ಬಂದು ಇದ್ದಾಗ ಇನ್ನೊಂದು ನೆನಪಿಡಿ: ನಡೆದಾಗ ಬಂದು ಕೂತಾಗ ಹೋಗುವ ದವಡೆ ನೋವು, ಎದೆ ಒತ್ತಿದ ಹಾಗೆ ಬೆವರಿನೊಂದಿಗೆ ಬರುವ ದವಡೆ ನೋವು ಹಲ್ಲಿನದ್ದಲ್ಲದೆ ಹೃದಯದ್ದೂ ಇರಬಹುದು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವೀಸಾದ ಜೊತೆ ಕಟ್ಟುವ ಆರೋಗ್ಯ ಶುಲ್ಕದಿಂದ ಹಲ್ಲು ಪುಕ್ಕಟೆ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್‌ನ ತುರ್ತು ಹಲ್ಲಿನ ಚಿಕಿತ್ಸೆಗೆ 2025ರ ಏಪ್ರಿಲ್‌ನಿಂದ 27.40 ಪೌಂಡ್ ಇತ್ತು. 18 ತುಂಬದ ಮಕ್ಕಳಿಗೆ ಶುಲ್ಕ ಇಲ್ಲ. ಅಲ್ಲಿಗೆ ಹೋಗಿ ಇಳಿದ ವಾರವೇ, ನೋವಿಲ್ಲದಾಗಲೇ, ಎನ್‌ಎಚ್‌ಎಸ್ ರೋಗಿಗಳನ್ನು ತೆಗೆದುಕೊಳ್ಳುವ ಕ್ಲಿನಿಕ್ ಹುಡುಕಿ ಹೆಸರು ಕೊಡಿ. ಹತ್ತು ಕಡೆ ‘ಜಾಗ ಇಲ್ಲ’ ಅಂದರೆ ಹನ್ನೊಂದನೆಯದಕ್ಕೆ ಫೋನ್ ಮಾಡಿ. 111ರಲ್ಲಿ ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕು ಅಂತ ಕೇಳಬಹುದು.

ಹೆಂಗಸರಿಗೆ ಒಂದು ಮಾತು, ಇದನ್ನು ನೆನೆದರೆ ನನಗೆ ಇವತ್ತೂ ಹೊಟ್ಟೆ ಉರಿಯುತ್ತದೆ. ಬಸುರಿಯಾಗಿದ್ದಾಗ ಮತ್ತು ಹೆರಿಗೆ ಆಗಿ 12 ತಿಂಗಳವರೆಗೆ ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆ ಪುಕ್ಕಟೆ. ಬಸುರಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಅಂತ ಅತ್ತೆ ಹೇಳಿದ್ದರು, ನಾನು ಹೋಗಲಿಲ್ಲ. ಸೂಲಗಿತ್ತಿ ನರ್ಸ್ ಸಹಿ ಮಾಡಿಸಿದ ಕಾಗದವನ್ನು ಸುಮ್ನೆ ಫೈಲಿಗೆ ಹಾಕಿದೆ. ಅದೇನು ಅಂತ ಗೊತ್ತಾದಾಗ ಮಗನಿಗೆ 14 ತಿಂಗಳು. ಮತ್ತೆ, ಬಸುರಿಯರು ಡಾಕ್ಟರು ಹೇಳದೆ ಐಬುಪ್ರೊಫೆನ್ ಎಂಬ ನೋವಿನ ಮದ್ದು ತಿನ್ನಬಾರದು. ಊರಿಂದ ತಂದ ಡಬ್ಬದಲ್ಲಿ ಅದೂ ಇರುತ್ತದೆ.

ಮಗನ ಕಥೆ ಹೇಳದಿದ್ದರೆ ಇದು ಮುಗಿಯುವುದಿಲ್ಲ. ಅವನಿಗೆ ಒಂಬತ್ತು ವರ್ಷ ಇದ್ದಾಗ ಪಾರ್ಕಿನಲ್ಲಿ ಸೈಕಲ್‌ನಿಂದ ಬಿದ್ದು ಎದುರಿನ ಹಲ್ಲು ಬೇರುಸಹಿತ ಹಾರಿತು. ಹಾಲುಹಲ್ಲಲ್ಲ, ಆಗಷ್ಟೇ ಬಂದ ಗಟ್ಟಿ ಹಲ್ಲು. ಹುಲ್ಲಿನಲ್ಲಿ ಹುಡುಕಿ ತೆಗೆದೆ. ಮಣ್ಣಾಗಿತ್ತಲ್ಲ, ನಲ್ಲಿಯ ಕೆಳಗೆ ಹಿಡಿದು ಬೆರಳಿನಿಂದ ಚೆನ್ನಾಗಿ ತಿಕ್ಕಿ ತೊಳೆದೆ. ಬಂಗಾರ ಕಟ್ಟಿದ ಹಾಗೆ ಟಿಶ್ಯೂನಲ್ಲಿ ಸುತ್ತಿ ಪರ್ಸಿಗೆ ಹಾಕಿದೆ. ಮಾಡಬಾರದ್ದನ್ನೆಲ್ಲ ಒಂದೊಂದಾಗಿ ಮಾಡಿದೆ.

ಬೇರಿನ ಮೇಲೆ ಕಣ್ಣಿಗೆ ಕಾಣದ ಜೀವಕೋಶಗಳ ಒಂದು ಪದರ ಇರುತ್ತದೆ. ಹಲ್ಲು ಮತ್ತೆ ಹಿಡಿಯುವುದು ಅದರಿಂದಲೇ. ತಿಕ್ಕಿದರೆ ಹೋಯಿತು, ಒಣಗಿದರೂ ಹೋಯಿತು. ಹಲ್ಲನ್ನು ಹಿಡಿಯುವುದು ಬಿಳಿ ಭಾಗದಲ್ಲಿ, ಬೇರನ್ನು ಮುಟ್ಟುವುದೇ ಬೇಡ. ಮಣ್ಣಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ. ಆಗುವುದಾದರೆ ಅಲ್ಲೇ ಅದರ ಗುಳಿಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಿ ಮೆತ್ತಗೆ ಕರ್ಚೀಫ್ ಕಚ್ಚಿಸಿ. ಧೈರ್ಯ ಬಾರದಿದ್ದರೆ ತಣ್ಣಗಿನ ಹಾಲಿನಲ್ಲಿ ಮುಳುಗಿಸಿ, ನೀರಿನಲ್ಲಿ ಅಲ್ಲ, ಅರ್ಧ ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ. ಹಾಲುಹಲ್ಲಾದರೆ ಮಾತ್ರ ಹಿಂದೆ ಕೂರಿಸಬೇಡಿ, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ತೋರಿಸಲಿಕ್ಕೆ ಅದಕ್ಕೂ ಹೋಗಬೇಕು. ಪಾರ್ಕಿನ ಎದುರಿಗೇ ಹಾಲಿನ ಅಂಗಡಿ ಇತ್ತು ನೋಡಿ. ಮಗನ ಹಲ್ಲನ್ನು ಡಾಕ್ಟರು ಮತ್ತೆ ಕೂರಿಸಿ ತಂತಿ ಕಟ್ಟಿದರು. ಎರಡು ವರ್ಷ ನಿಂತಿತು, ಆಮೇಲೆ ಬೇರು ಕರಗಿ ಹೋಯಿತು.

ನಾವು ಸಣ್ಣವರಿದ್ದಾಗ ಬಿದ್ದ ಹಲ್ಲನ್ನು ಹಂಚಿನ ಮಾಡಿಗೆ ಎಸೆಯುತ್ತಿದ್ದೆವು. ಮಗ ಅಲ್ಲಿನ ರೂಢಿಯ ಹಾಗೆ ಅವನ ಹಾಲುಹಲ್ಲುಗಳನ್ನು ದಿಂಬಿನ ಕೆಳಗೆ ಇಟ್ಟು ಬೆಳಿಗ್ಗೆ ಒಂದು ಪೌಂಡ್ ಎಣಿಸಿದವ. ನಿನ್ನ ಹಲ್ಲಿಗೆ ಎಷ್ಟು ಸಿಕ್ಕಿತಮ್ಮಾ ಅಂತ ಕೇಳಿದ್ದ. ಏನೂ ಸಿಗಲಿಲ್ಲ, ಅಜ್ಜಿ ಮನೆಯ ಮಾಡಿನ ಮೇಲೆ ಇನ್ನೂ ಇರಬಹುದು ಅಂದೆ. ಹೋದ ಸಲ ಬಂದಾಗ ಹುಡುಕಲಿಕ್ಕೆ ಹೊರಟ. ಮಾಡು ಎಲ್ಲಿದೆ? ಹಂಚು ತೆಗೆದು ತಾರಸಿ ಹಾಕಿ ಆರು ವರ್ಷ ಆಗಿದೆ. ಮೇಲೆ ನೀರಿನ ಟ್ಯಾಂಕಿ, ಒಣಹಾಕಿದ ಹಪ್ಪಳ. ಒಂದು ಸುತ್ತು ಹಾಕಿ ಹಪ್ಪಳ ಒಂದು ಮುರಿದುಕೊಂಡು ಇಳಿದು ಬಂದ.

ಅಂದ ಹಾಗೆ ಚಿಕ್ಕಮ್ಮನ ಮೊಮ್ಮಗನನ್ನು ನಿನ್ನೆ ಎಳೆದುಕೊಂಡು ಹೋಗಿ ತೋರಿಸಿದೆ. ಎರಡು ಹುಳುಕು, ಒಂದಕ್ಕೆ ರೂಟ್ ಕೆನಾಲ್. ಹೊರಡಲಿಕ್ಕೆ ಇನ್ನೂ ಐದು ವಾರ ಉಂಟು, ಮುಗಿಯುತ್ತದೆ. ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಅರೆಬರೆ ಆದ ಹಲ್ಲು ವಿಮಾನ ಮೇಲೇರಿದಾಗ ಒತ್ತಡ ಬದಲಾಗಿ ಕೊಡುವ ನೋವಿಗೆ ಗಗನಸಖಿಯ ಹತ್ತಿರ ಮದ್ದಿಲ್ಲ.

ಹೋದದ್ದೇ ಹೋದೆ ಅಂತ ನನ್ನ ಖಾಲಿ ಜಾಗವನ್ನೂ ತೋರಿಸಿದೆ. ಇಂಪ್ಲಾಂಟ್ ಹಾಕಿಸುವ ಅಂತ ಆಸೆ. ಹುಡುಗಿ ಡಾಕ್ಟರು, ಕುಂದಾಪುರದ ಕಡೆಯವರು. ಎಕ್ಸ್‌ರೇ ನೋಡಿ “ಎಷ್ಟು ದಿನ ಇರ್ತೀರಿ ಮೇಡಂ?” ಅಂತ ಕೇಳಿದರು. ಹನ್ನೊಂದು ದಿನ ಅಂದೆ. ತಿರುಪು ಕೂರಿಸಿ ಮೂಳೆ ಅದನ್ನು ಹಿಡಿದುಕೊಳ್ಳಲಿಕ್ಕೇ ಮೂರರಿಂದ ಆರು ತಿಂಗಳು ಬೇಕು ಅಂತ ವಿವರಿಸಿದರು. ಕೈಗವಸು ತೆಗೆಯುತ್ತಾ ಅಂದರು, “ಈಗ ಆಗುವುದಿಲ್ಲ. ಮುಂದಿನ ಸಲ ಊರಿಗೆ ಬಂದಾಗ ನೋಡುವ.”