ಜೆಟ್ ಬದಲಿಸುವ ಮೊದಲು ಗಾಳಿ ನೋಡಿ: ಹಳೆಯ ಇಂಪಲ್ಸ್ ಗಾಡಿಯ ಜೊತೆ ನನ್ನ ಅನುಭವ

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್ ಇರುವ ಹಳೆಯ ಗಾಡಿಯ ಪಿಕಪ್ ಹೋಯಿತೆಂದರೆ ನಮ್ಮ ಕಲಬುರಗಿಯಲ್ಲಿ ಚಹಾದಂಗಡಿಯಿಂದ ಗ್ಯಾರೇಜಿನವರೆಗೆ ಸಿಗುವ ಸಲಹೆ ಒಂದೇ: ಜೆಟ್ ಬದಲಿಸಿ. ಜೆಟ್ ಎಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ರಂಧ್ರದ ಹಿತ್ತಾಳೆಯ ಬಿಡಿಭಾಗ. ನಾನು ಹಳೆಯ ಹೀರೋ ಇಂಪಲ್ಸ್ ಬೈಕ್ ಕೊಂಡು ತಂದಾಗ ಈ ಮಾತು ಹೇಳದವರೇ ಇಲ್ಲ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡೆ. ಕೊನೆಗೂ ಜೆಟ್ ಬದಲಿಸುವ ಅಗತ್ಯ ಬೀಳಲಿಲ್ಲ. ಮೇನ್ ಜೆಟ್ ಇವತ್ತಿಗೂ ಕಂಪನಿ ಕೊಟ್ಟದ್ದೇ. ನಮ್ಮ ಸೀಮೆಯಲ್ಲಿ ಕಾರ್ಬೊರೇಟರ್ ದೋಷ ಎಂದು ಕರೆಸಿಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಗಾಳಿಯ ದೋಷ, ಪೆಟ್ರೋಲಿನದಲ್ಲ ಎಂಬುದು ನನ್ನ ತಿಳಿವಳಿಕೆ.

ನಾನು ಶಾಲಾ ಮಾಸ್ತರ, ಮೆಕ್ಯಾನಿಕ್ ಅಲ್ಲ. ಚಿತ್ತಾಪುರ ತಾಲೂಕಿನ ಒಳಹಳ್ಳಿಯ ಶಾಲೆಗೆ ಹೋಗಬೇಕಾದರೆ ಡಾಂಬರು ಮುಗಿದ ಮೇಲೆ ಹೊಲದ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಅದು ಎರೆಮಣ್ಣಿನ ಕೆಸರು, ಬೇಸಿಗೆಯಲ್ಲಿ ಚಕ್ರ ಹೊಕ್ಕರೆ ಹೊರಬಾರದಷ್ಟು ದೊಡ್ಡ ಬಿರುಕು. ಆದ್ದರಿಂದ ಎರಡೂ ಬಗೆಯ ದಾರಿಗೆ ಆಗುವ ಗಾಡಿ ಬೇಕಿತ್ತು. 2011ರಲ್ಲಿ ಬಂದ ಇಂಪಲ್ಸ್ 150 ಸಿಸಿಯದು. ಮುಂದೆ 19 ಇಂಚು, ಹಿಂದೆ 17 ಇಂಚಿನ ಚಕ್ರ, ಟೈರಿನಿಂದ ದೂರವಾಗಿ ಎತ್ತರದಲ್ಲಿ ನಿಂತ ಮುಂದಿನ ಮಡ್‌ಗಾರ್ಡ್. ಈ ಮಡ್‌ಗಾರ್ಡ್ ಚಂದಕ್ಕೆ ಇರುವುದಲ್ಲ. ಸಾಮಾನ್ಯ ಗಾಡಿಯಲ್ಲಿ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂತು ಚಕ್ರವನ್ನೇ ಹಿಡಿದುಬಿಡುತ್ತದೆ. ಆಮೇಲೆ ಕಡ್ಡಿಯಿಂದ ಕೆದಕುತ್ತ ನಿಲ್ಲಬೇಕು. ಇಂಪಲ್ಸ್ ಮಾರುಕಟ್ಟೆಯಲ್ಲಿದ್ದಾಗ ಕೊಳ್ಳುವವರಿರಲಿಲ್ಲ, ನಿಂತ ಮೇಲೆ ಹುಡುಕುವವರು ಹುಟ್ಟಿಕೊಂಡರು. 2019ರಲ್ಲಿ ಅದೇ ಕಂಪನಿಯ ಇಂಥದೇ ಗಾಡಿ ಎಕ್ಸ್‌ಪಲ್ಸ್ ಬಂತು. ಮಾಸ್ತರನ ಜೇಬು ಇಂಪಲ್ಸ್ ಹತ್ತಿರವೇ ನಿಂತಿತು.

ನನಗೆ ಸಿಕ್ಕ ಗಾಡಿ ಮೊದಲು ಶಹಾಬಾದ್ ಕಲ್ಲಿನ ಗಣಿಗಳ ಕಡೆ ಓಡಾಡಿದ್ದು. ಬೆಳಗ್ಗೆ ಚೋಕ್ ಎಳೆದು ಬಹಳ ಹೊತ್ತು ಕಾಯದಿದ್ದರೆ ಇಂಜಿನ್ ಆರಿಹೋಗುತ್ತಿತ್ತು. ರೇಸ್ ಕೊಟ್ಟ ಕೂಡಲೇ ಒಂದು ಕ್ಷಣ ತಡವರಿಸುತ್ತಿತ್ತು. ರೇಸ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಹುಮನಾಬಾದ್ ರಸ್ತೆಯಲ್ಲಿ ಪೂರ್ತಿ ರೇಸ್ ತಿರುವಿದರೆ ಮಂಕು ಕವಿದು, ವೇಗ ಏರುವ ಬದಲು ಗೊರಗೊರ ಎನ್ನುತ್ತಿತ್ತು. ಮೊದಲ ಮೂರು ಗಾಳಿ ಹೆಚ್ಚಾದ ಲಕ್ಷಣ, ಕೊನೆಯದು ಪೆಟ್ರೋಲ್ ಹೆಚ್ಚಾದ ಲಕ್ಷಣ. ಒಂದೇ ಗಾಡಿಯಲ್ಲಿ ಎರಡು ವಿರುದ್ಧ ರೋಗ. ದೊಡ್ಡ ಜೆಟ್ ಹಾಕಿದರೆ ಕೊನೆಯದು ಕೆಡುತ್ತದೆ, ಚಿಕ್ಕದು ಹಾಕಿದರೆ ಮೊದಲಿನವು ಕೆಡುತ್ತವೆ. ಹಾಗಿದ್ದರೆ ತಪ್ಪು ಜೆಟ್‌ನಲ್ಲಿ ಇರಲಾರದು ಎಂದು ಅಲ್ಲಿಯೇ ನಿರ್ಧರಿಸಿದೆ.

ಯಾವ ದೋಷ ಎಲ್ಲಿಯದು ಎಂದು ಗುರುತಿಸಲು ಒಂದು ಸುಲಭ ಉಪಾಯವಿದೆ. ಹ್ಯಾಂಡಲ್‌ನ ರೇಸ್ ಹಿಡಿಕೆಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ತಿರುವಿನ ಗೆರೆ ಎಳೆಯಿರಿ. ಕಾಲು ತಿರುವಿನ ಒಳಗೆ ಪೈಲಟ್ ಜೆಟ್ ಎಂಬ ಚಿಕ್ಕ ಜೆಟ್ ಮತ್ತು ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡುತ್ತವೆ. ಕಾಲು ತಿರುವಿನಿಂದ ಮುಕ್ಕಾಲಿನವರೆಗೆ, ಮೇಲೆದ್ದಷ್ಟೂ ಹೆಚ್ಚು ಪೆಟ್ರೋಲ್ ಬಿಡುವ ಮೊನಚು ಸೂಜಿ. ಅದರಾಚೆ ದೊಡ್ಡದಾದ ಮೇನ್ ಜೆಟ್. ಗೆರೆಗಳ ನಡುವೆ ಕತ್ತರಿಸಿದ ಹಾಗೆ ಗಡಿ ಇಲ್ಲ, ಒಂದರ ಕೆಲಸ ಇನ್ನೊಂದರೊಳಗೆ ಚಾಚಿರುತ್ತದೆ. ಆದರೂ ನಸುಕಿನಲ್ಲಿ ಆಳಂದ ರಸ್ತೆ ಖಾಲಿ ಇರುವಾಗ ಒಂದೊಂದೇ ಗೆರೆಗೆ ಹಿಡಿದು ಓಡಿಸಿದರೆ ಗ್ಯಾರೇಜಿನಲ್ಲಿ ನಿಂತಲ್ಲೇ ರೇಸ್ ತಿರುವಿ ಕಿವಿಗೊಡುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಮೊದಲು ಏರ್ ಫಿಲ್ಟರ್ ಬಿಚ್ಚಿದೆ. ಮಡಿಕೆಗಳ ತುಂಬ ಸುಣ್ಣದ ಕಲ್ಲಿನ ಬೂದುಬಣ್ಣದ ದೂಳು, ಜೋಳದ ಹಿಟ್ಟಿನಷ್ಟು ನುಣ್ಣಗೆ. ಅದರ ನಡುವೆ ತೊಗರಿ ಹೊಟ್ಟಿನ ಚೂರುಗಳು. ಇಂಥ ಫಿಲ್ಟರಿನ ಮೂಲಕ ಇಂಜಿನ್‌ಗೆ ಬೇಕಾದಷ್ಟು ಗಾಳಿ ಬರುವುದಿಲ್ಲ, ಪೆಟ್ರೋಲ್ ಮಾತ್ರ ಬರುತ್ತದೆ. ಪೂರ್ತಿ ರೇಸ್‌ನ ಮಂಕಿಗೆ ಕಾರಣ ಅಲ್ಲೇ ಸಿಕ್ಕಿತು. ಇನ್ನೂ ಕೆಟ್ಟ ಸಂಗತಿ ಫಿಲ್ಟರಿನ ಆಚೆ ಇತ್ತು. ಶುದ್ಧ ಗಾಳಿ ಇರಬೇಕಾದ ಕೊಳವೆಯೊಳಗೆ ಬೆರಳು ಎಳೆದರೆ ಬೆರಳಿಗೆ ಬೂದು ಗೆರೆ ಬಂತು. ಹಿಂದೆ ಯಾರೋ ಅಗ್ಗದ ಫಿಲ್ಟರ್ ಹಾಕಿದ್ದರು. ಅದರ ಅಂಚು ಪೆಟ್ಟಿಗೆಗೆ ಸರಿಯಾಗಿ ಕೂರುತ್ತಿರಲಿಲ್ಲ. ಆ ಸಂದಿಯಿಂದ ಒಳಗೆ ಹೋದ ದೂಳು ಕಾರ್ಬೊರೇಟರ್‌ಗೂ ಹೋಗುತ್ತದೆ, ಪಿಸ್ಟನ್ನಿನ ರಿಂಗುಗಳಿಗೂ ಹೋಗುತ್ತದೆ.

ಅಸಲಿ ಫಿಲ್ಟರ್ ತಂದು, ಅಂಚಿನ ರಬ್ಬರಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದೆ. ಎಣ್ಣೆ ಹೀರಿಸಿದ ಕಾಗದದ ಫಿಲ್ಟರ್ ಆಗಿದ್ದರೆ ಅದಕ್ಕೆ ಕಂಪ್ರೆಸರ್ ಗಾಳಿ ಹೊಡೆಯಬಾರದು. ದೂಳು ಹಿಡಿಯುವುದೇ ಆ ಎಣ್ಣೆ; ಗಾಳಿ ಹೊಡೆದರೆ ದೂಳು ಕಾಗದದೊಳಗೆ ಇನ್ನೂ ಆಳಕ್ಕೆ ಹೊಗುತ್ತದೆ, ಕಾಗದವೂ ಹರಿಯಬಹುದು. ಬದಲಿಸುವುದೇ ದಾರಿ. ಸ್ಪಂಜಿನ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಿಂಡಿ ಹಾಕಬಹುದು. ಗಾಳಿ ಒಳಬರುವ ಬಾಯಿಗೆ ನಾನು ತೆಳು ಸ್ಪಂಜಿನ ಹೊದಿಕೆಯನ್ನೂ ಕಟ್ಟಿದ್ದೇನೆ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಅದನ್ನು ವಾರಕ್ಕೊಮ್ಮೆ ಒಗೆಯುತ್ತೇನೆ. ಕಂಪನಿಯ ಪುಸ್ತಕದಲ್ಲಿ ಫಿಲ್ಟರಿಗೆ ಬರೆದಿರುವ ಕಿಲೋಮೀಟರ್ ಲೆಕ್ಕ ರಾಶಿಯ ಕಣದ ಪಕ್ಕ ಓಡುವ ಗಾಡಿಗೆ ಹೊಂದುವುದಿಲ್ಲ.

ತಡವರಿಕೆ ಮಾತ್ರ ಹಾಗೇ ಉಳಿದಿತ್ತು. ಕಾರ್ಬೊರೇಟರ್‌ಗೂ ಇಂಜಿನ್‌ಗೂ ನಡುವೆ ಇರುವ ರಬ್ಬರಿನ ಮ್ಯಾನಿಫೋಲ್ಡ್ ಮೇಲೆ ಅನುಮಾನ ಬಂತು. ಇಂಜಿನ್ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ, ಓಡುತ್ತಿರುವಾಗ ಅದರ ಸುತ್ತ ಕಾರ್ಬೊರೇಟರ್ ಕ್ಲೀನರ್ ಸ್ವಲ್ಪ ಸ್ವಲ್ಪ ಸಿಂಪಡಿಸಬೇಕು. ಬಿಸಿ ಸೈಲೆನ್ಸರಿಗೆ ತಾಗದಂತೆ ಎಚ್ಚರವಿರಲಿ, ಅದಕ್ಕೆ ಬೆಂಕಿ ಹತ್ತುತ್ತದೆ. ಕೆಳಭಾಗಕ್ಕೆ ಸಿಂಪಡಿಸಿದಾಗ ಐಡಲ್ ತಟ್ಟನೆ ಬದಲಾಯಿತು. ಬಿಚ್ಚಿ ಬಾಗಿಸಿ ನೋಡಿದರೆ ರಬ್ಬರಿನಲ್ಲಿ ಕೂದಲೆಳೆಯ ಬಿರುಕು; ನೇರ ಇದ್ದಾಗ ಕಾಣದು, ಬಾಗಿಸಿದರೆ ಬಾಯಿ ತೆರೆಯುತ್ತದೆ. ಹೊಸದು ಹಾಕಿದ ಮೇಲೆ ಸೈಲೆನ್ಸರಿನ ಪಟಪಟ ಬಹುಪಾಲು ನಿಂತಿತು. ವಾಲ್ವ್ ಅಂತರ ನೋಡಿಸಿ, ಪ್ಲಗ್ ಹೊಸದು ಹಾಕಿದೆ. ಇಷ್ಟಾಗುವ ಮೊದಲು ಕಾರ್ಬೊರೇಟರ್ ಮುಟ್ಟುವವರು ಅಳತೆ ತಪ್ಪಿದ ತಕ್ಕಡಿ ಹಿಡಿದೇ ವ್ಯಾಪಾರಕ್ಕೆ ಕೂರುತ್ತಾರೆ.

ಆಮೇಲೆ ಕಾರ್ಬೊರೇಟರ್ ಇಳಿಸಿದೆ. ಸೂಪರ್ ಮಾರ್ಕೆಟ್ ಹತ್ತಿರದ ಗ್ಯಾರೇಜಿನ ವಯಸ್ಸಾದ ಉಸ್ತಾದರು ತಮ್ಮ ಬೆಂಚಿನ ಒಂದು ಮೂಲೆ ಬಿಟ್ಟುಕೊಟ್ಟರು. ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲಿನ ಸ್ಕ್ರೂಗಳ ತಲೆ ಆಗಲೇ ಅರ್ಧ ಸವೆದಿತ್ತು. ಮೃದು ಲೋಹದ ಈ ಸ್ಕ್ರೂಗಳಿಗೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹಾರಿಹೋಗುತ್ತದೆ. ಉಸ್ತಾದರು ಸ್ಕ್ರೂಡ್ರೈವರನ್ನು ಸ್ಕ್ರೂ ಮೇಲೆ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ತಟ್ಟು ತಟ್ಟಿ, ಒತ್ತಿ ತಿರುಗಿಸಿದರು, ಬಂತು. ಮತ್ತೆ ಜೋಡಿಸುವಾಗ ಆ ನಾಲ್ಕಕ್ಕೂ ಆಲನ್ ಕೀ ಹಿಡಿಯುವ ಸ್ಕ್ರೂ ಹಾಕಿದೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಮತ್ತು ಅತಿ ನೆಮ್ಮದಿಯ ಸುಧಾರಣೆ ಅದೇ.

ಬಟ್ಟಲಿನ ತಳದಲ್ಲಿ ಕಂದು ಕೆಸರು. ಪೈಲಟ್ ಜೆಟ್‌ನ ರಂಧ್ರವನ್ನು ಬಿಸಿಲಿಗೆ ಹಿಡಿದರೆ ಬೆಳಕು ಅರ್ಧಚಂದ್ರದಂತೆ ಕಂಡಿತು, ಪೂರ್ತಿ ದುಂಡಗಿಲ್ಲ. ನಾನು ಉಕ್ಕಿನ ತಂತಿಗೆ ಕೈಚಾಚಿದ್ದನ್ನು ಕಂಡು ಉಸ್ತಾದರು, ‘ಮಾಸ್ತರರೇ, ಹಿತ್ತಾಳೆಗೆ ಉಕ್ಕು ತಾಗಿಸಿದರೆ ಜೆಟ್‌ನ ನಂಬರ್ ಬದಲಾಗುತ್ತದೆ’ ಎಂದು ನಕ್ಕರು. ಕ್ಲೀನರ್‌ನಲ್ಲಿ ನೆನೆಸಿ, ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ಹಾಯಿಸಿ, ಗಾಳಿ ಹೊಡೆದ ಮೇಲೆ ರಂಧ್ರ ದುಂಡಗಾಯಿತು.

ಈ ಕಾರ್ಬೊರೇಟರ್ ಸಿವಿ ಮಾದರಿಯದು. ಇದರಲ್ಲಿ ಸೂಜಿಯನ್ನು ಹೊತ್ತು ಮೇಲೆ ಕೆಳಗೆ ಜಾರುವ ಸ್ಲೈಡ್ ಅನ್ನು ರೇಸ್ ಕೇಬಲ್ ನೇರವಾಗಿ ಎತ್ತುವುದಿಲ್ಲ. ಇಂಜಿನ್‌ನ ಸೆಳೆತ ರಬ್ಬರಿನ ತೆಳು ಪೊರೆಯ ಮೂಲಕ ಎತ್ತುತ್ತದೆ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಸ್ಲೈಡ್ ಪೂರ್ತಿ ಏಳುವುದಿಲ್ಲ. ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಬೇಕು. ಕ್ಲೀನರ್ ತಾಗಿದರೆ ಅದು ಉಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂರದು, ಆದ್ದರಿಂದ ತೊಳೆಯುವ ಮೊದಲೇ ತೆಗೆದಿಡಬೇಕು. ನನ್ನ ಗಾಡಿಯ ಪೊರೆ ತೂತಿಲ್ಲದೆ ಚೆನ್ನಾಗಿತ್ತು.

ಇನ್ನು ಪೆಟ್ರೋಲಿನ ವಿಷಯ. ಈಗ ಪಂಪಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿ ಸೆನ್ಸರ್‌ನಿಂದ ತಿಳಿದು ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರ್‌ಗೆ ಅದು ತಿಳಿಯುವುದಿಲ್ಲ, ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ; ಗಾಳಿ ಹೆಚ್ಚಾಗುತ್ತದೆ. ಅದರ ಮೇಲೆ ನಮ್ಮ ಹವೆ. ಮೇ ತಿಂಗಳ 42 ಡಿಗ್ರಿ ಬಿಸಿಲಿನ ಗಾಳಿ ಡಿಸೆಂಬರಿನ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ 8–9 ತೆಳು. ಗಾಳಿ ಎಷ್ಟು ಶೇಕಡಾ ತೆಳುವಾಗುತ್ತದೋ ಅದರ ಅರ್ಧದಷ್ಟು ಗಾಳಿ–ಪೆಟ್ರೋಲ್ ಮಿಶ್ರಣ ಪೆಟ್ರೋಲ್ ಕಡೆ ವಾಲುತ್ತದೆ. ಹೀಗೆ ಬೇಸಿಗೆಯ ಸೆಕೆ ಎಥನಾಲಿನ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತದೆ, ಚಳಿ ಬಂದಾಗ ಕೊರತೆ ಬಯಲಾಗುತ್ತದೆ. ಮೇನಲ್ಲಿ ಚೆನ್ನಾಗಿ ಓಡಿದ ಗಾಡಿ ಡಿಸೆಂಬರಿನ ಮುಂಜಾನೆ ಕೆಮ್ಮುವುದು ಇದರಿಂದ. ಬೀದರ್ ಎತ್ತರದಲ್ಲಿದೆ, ಅಲ್ಲಿಗೆ ಬೇರೆ ಜೆಟ್ ಬೇಕು ಎನ್ನುವವರಿದ್ದಾರೆ. ಕಲಬುರಗಿಗಿಂತ ಅದು ಇನ್ನೂರು ಮೀಟರ್ ಆಸುಪಾಸು ಮೇಲಿರಬಹುದು. ಮಿಶ್ರಣದಲ್ಲಿ ಅದರ ಪರಿಣಾಮ ಶೇ 1ರಷ್ಟು. ಲಡಾಖಿನ ಮಾತನ್ನು ಬೀದರಿಗೆ ತರಬೇಕಿಲ್ಲ.

ಹೀಗಾಗಿ ಟ್ಯೂನಿಂಗ್ ಅನ್ನು ಚಳಿಗಾಲದಲ್ಲೇ ಮಾಡಿದೆ. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದು, ಐಡಲ್ ಸ್ವಲ್ಪ ಏರಿಸಿ, ಮಿಕ್ಸ್ಚರ್ ಸ್ಕ್ರೂವನ್ನು ಇಂಜಿನ್ ಸೊರಗುವವರೆಗೆ ಒಳಗೆ, ಮತ್ತೆ ಸೊರಗುವವರೆಗೆ ಹೊರಗೆ ತಿರುಗಿಸಿ, ಎರಡರ ನಡುವಿನ ಚುರುಕು ಜಾಗದಲ್ಲಿ ನಿಲ್ಲಿಸಬೇಕು. ಸ್ಕ್ರೂ ಇಂಜಿನ್ ಕಡೆ ಇದ್ದರೆ ಹೊರಕ್ಕೆ ತಿರುಗಿಸಿದಾಗ ಪೆಟ್ರೋಲ್ ಹೆಚ್ಚುತ್ತದೆ. ಏರ್ ಫಿಲ್ಟರ್ ಕಡೆ ಇದ್ದರೆ ಅದಕ್ಕೆ ತದ್ವಿರುದ್ಧ. ನನ್ನದು ಇಂಜಿನ್ ಕಡೆಯದು. ಚುರುಕು ಜಾಗದಿಂದ ಇನ್ನಷ್ಟು ಹೊರಗೆ ಬಿಟ್ಟೆ. ಕಾಲು ರೇಸ್‌ನ ಮೇಲಿನ ಸಣ್ಣ ತಡವರಿಕೆಗೆ ಸೂಜಿಯ ತಲೆಯ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ವಾಷರ್ ಇಟ್ಟು ಸೂಜಿಯನ್ನು ಅಷ್ಟು ಮೇಲೆತ್ತಿದೆ. ಪೂರ್ತಿ ರೇಸ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಿದೆ: ಕಪ್ಪು ಮಸಿಯೂ ಇಲ್ಲ, ಬಿಳಿಚಿಕೊಂಡೂ ಇಲ್ಲ, ಕಾಫಿ ಬಣ್ಣ. ಮೇನ್ ಜೆಟ್ ಬದಲಿಸುವ ಮಾತೇ ಬರಲಿಲ್ಲ.

ಸುಧಾರಣೆಗಳಲ್ಲಿ ಮೊದಲನೆಯದು ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಓಡಿಸುವ ಹಲ್ಲಿನ ಚಕ್ರ. ಒಂದು ಹಲ್ಲು ಕಡಿಮೆ ಮಾಡಿದರೆ, ಉದಾಹರಣೆಗೆ 14ರ ಬದಲು 13 ಹಾಕಿದರೆ, ಎಳೆತ ಶೇ 7–8 ಹೆಚ್ಚುತ್ತದೆ. ಹೆದ್ದಾರಿಯಲ್ಲಿ ಇಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ, ಪೆಟ್ರೋಲನ್ನೂ ಕುಡಿಯುತ್ತದೆ. ದಿನವೂ ಹೈದರಾಬಾದ್ ರಸ್ತೆ ಹಿಡಿಯುವವರಿಗೆ ಇದು ಬೇಡ. ಕೆಸರಿನಲ್ಲಿ ಕ್ಲಚ್ ಸುಡದೆ ನಿಧಾನ ಓಡಿಸಬೇಕಾದ ನನಗೆ ದೊಡ್ಡ ಇಂಜಿನ್ ಸಿಕ್ಕಷ್ಟು ಸಂತೋಷವಾಯಿತು.

ಇಂಜಿನ್ ಕೆಳಗೆ ತಗಡಿನ ರಕ್ಷೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಆಯಿಲ್ ಬೋಲ್ಟಿಗೆ ಒಂದು ದೊಡ್ಡ ತೂತು, ಕೆಸರು ಇಳಿಯಲು ಕೆಲವು ಉದ್ದ ತೂತು ಬಿಡಿಸಬೇಕು. ಇಲ್ಲದಿದ್ದರೆ ಎರೆಮಣ್ಣು ಒಳಗೇ ಒಣಗಿ ಇಂಜಿನ್‌ಗೆ ಗಾಳಿ ತಾಗದು. ಸೈಡ್ ಸ್ಟ್ಯಾಂಡಿನ ಪಾದಕ್ಕೆ ಅಂಗೈ ಅಗಲದ ತಗಡು ಬೆಸೆಸಿದೆ, ಮಳೆಗಾಲದಲ್ಲಿ ಗಾಡಿ ಮಣ್ಣಿನಲ್ಲಿ ಕುಸಿದು ಮಲಗುವುದು ನಿಂತಿತು. ಟೈರಿನ ಗಾಳಿಯನ್ನು ಕೆಸರಿನಲ್ಲಿ ಇಳಿಸುತ್ತೇನೆ, ಆದರೆ ಶಹಾಬಾದ್ ಕಲ್ಲಿನ ಚೂರು ಬಿದ್ದ ದಾರಿಯಲ್ಲಿ ಇಳಿಸುವುದಿಲ್ಲ. ಆ ಚೂರಿನ ಅಂಚು ಹರಿತ. ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ಕಡೆ ಒಡೆಯುತ್ತದೆ.

ಬಹಳ ಜನ ಗಮನಿಸದ ಒಂದು ಕೆಲಸವಿದೆ. ಕಾರ್ಬೊರೇಟರ್‌ನ ಬಟ್ಟಲಿಗೆ ಹೊರಗಿನ ಗಾಳಿ ತಾಗಿಸುವ ಸಣ್ಣ ಕೊಳವೆ ಕೆಳಮುಖವಾಗಿ ಇಳಿಬಿಟ್ಟಿರುತ್ತದೆ. ಅದರ ಬಾಯಿಗೆ ಎರೆಮಣ್ಣು ಮೆತ್ತಿದರೆ, ಅಥವಾ ಹಳ್ಳ ದಾಟುವಾಗ ಅದು ನೀರಿನಲ್ಲಿ ಮುಳುಗಿದರೆ, ಬಟ್ಟಲಿನಿಂದ ಪೆಟ್ರೋಲ್ ಏಳುವುದಿಲ್ಲ. ಗಾಡಿ ಹಳ್ಳದ ನಡುವೆ ನಿಲ್ಲುತ್ತದೆ, ನೀರು ಇಂಜಿನ್ ಹೊಕ್ಕಿತೆಂದು ಸವಾರ ಹೆದರುತ್ತಾನೆ. ಆ ಕೊಳವೆಗೆ ಟಿ ಆಕಾರದ ಜೋಡಣೆ ಹಾಕಿ ಒಂದು ಕವಲನ್ನು ಟ್ಯಾಂಕಿನ ಕೆಳಗೆ ಎತ್ತರಕ್ಕೆ ಒಯ್ದು ಕಟ್ಟಿದ್ದೇನೆ. ಚಿಂಚೋಳಿ ಕಾಡಿನ ಕಡೆ ಚಂದ್ರಂಪಳ್ಳಿ ಜಲಾಶಯ ನೋಡಲು ಮಳೆಗಾಲದಲ್ಲಿ ಹೋಗುವವರು ಇದೊಂದನ್ನಾದರೂ ಮಾಡಿಸಿಕೊಳ್ಳಲಿ. ಬಟ್ಟಲಿನ ಕೆಳಗಿನ ಡ್ರೇನ್ ಕೊಳವೆ ಬೇರೆ, ಅದು ಕೆಳಗೇ ಇರಬೇಕು. ಶಾಲೆಗೆ ರಜೆ ಬಿಟ್ಟು ಗಾಡಿ ವಾರಗಟ್ಟಲೆ ನಿಲ್ಲುವಾಗ ಆ ಡ್ರೇನ್ ಸ್ಕ್ರೂ ಸಡಿಲಿಸಿ ಬಟ್ಟಲನ್ನು ಖಾಲಿ ಮಾಡುತ್ತೇನೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮೊದಲು ಕಂಡ ಕಂದು ಕೆಸರಿಗೆ ಅದೂ ಒಂದು ಮೂಲ.

ಸೈಲೆನ್ಸರ್ ಬದಲಿಸಲಿಲ್ಲ. ಸದ್ದಿನ ಸೈಲೆನ್ಸರ್ ಹಾಕಿದರೆ ಗಾಳಿಯ ಲೆಕ್ಕ ಮತ್ತೆ ತಪ್ಪುತ್ತದೆ, ಆಗ ನಿಜಕ್ಕೂ ಜೆಟ್ ಬದಲಿಸಬೇಕಾಗುತ್ತದೆ. ಪೊಲೀಸರ ದಂಡ ಬೇರೆ. ಇನ್ನು ಹಿಂದಿನ ಮೋನೋಶಾಕ್ (ಒಂಟಿ ಶಾಕ್ ಅಬ್ಸಾರ್ಬರ್) ಮೆತ್ತಗಾಗಿದೆ, ಹೊಲದ ಬದು ಹಾರಿದಾಗ ತಳ ಬಡಿಯುತ್ತದೆ. ಉಸ್ತಾದರು ಮುಂಗಾರಿಗೆ ಮೊದಲು ಅದನ್ನು ಬಿಚ್ಚೋಣ ಎಂದಿದ್ದಾರೆ.