ಬೋರ್ಡಿನ ಮೇಲೆ ನೀವು ಕಬ್ಬು ಬರೆಯಬೇಡಿ

ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಪರಿಸರ ಅಧ್ಯಯನ ನನ್ನದು. ಒಂದು ಸಲ ಗಿಡದ ಪಾಠಕ್ಕೆ ಬೋರ್ಡಿನ ತುಂಬ ಕಬ್ಬಿನ ಚಿತ್ರ ಬರೆದೆ. ಗಿಣ್ಣು, ಗಿಣ್ಣಿಗೊಂದು ಕಣ್ಣು, ಅಂದರೆ ಮೊಗ್ಗು. ಎಲ್ಲ ಕಣ್ಣೂ ಬಲಗಡೆಗೇ. ಮಕ್ಕಳು ಹಾಗೇ ಇಳಿಸಿಕೊಂಡರು. ಸಂಜೆ ಬಸ್ಸಿಗೆ ಕಾಯುವಾಗ ಪಕ್ಕದ ಗದ್ದೆಯ ಕಬ್ಬು ನೋಡಿದರೆ, ಒಂದು ಕಣ್ಣು ಈ ಕಡೆ, ಮುಂದಿನದು ಆ ಕಡೆ! ನನ್ನ ಕ್ಲಾಸಿನವರೆಲ್ಲ ಕಬ್ಬು ಬೆಳೆಯುವವರ ಮನೆ ಮಕ್ಕಳೇ. ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಮಿಸ್ ಬರೆದದ್ದು ತಪ್ಪಿರುತ್ತಾ ಅಂತ.

ಈಗ ನಾನು ಬರೆಯುವುದೇ ಇಲ್ಲ. ಪಾಠ ಮಾಡುವ ನೀವೂ ಹೀಗೆ ಮಾಡಿ ನೋಡಿ.

ಮೊದಲು ಏನೂ ತೋರಿಸದೆ, "ನಿಮಗೆ ಗೊತ್ತಿರೋ ಕಬ್ಬು ಬರೀರಿ" ಅನ್ನಿ. ಹತ್ತು ನಿಮಿಷ ಸಾಕು. ರಬ್ಬರ್‌ಗಳನ್ನೆಲ್ಲ ಎತ್ತಿಡಿ, ಯಾರನ್ನೂ ತಿದ್ದಬೇಡಿ. ಆಮೇಲೆ ನಾಲ್ಕು ಮಕ್ಕಳಿಗೆ ಒಂದರಂತೆ ಕಬ್ಬಿನ ತುಂಡು ಕೊಡಿ, ಮೂರು ನಾಲ್ಕು ಗಿಣ್ಣಾದರೂ ಇರಲಿ. ಪಾಠ ಮುಗಿದ ಮೇಲೆ ತಿನ್ನಬಹುದು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಎರಡನೇ ಚಿತ್ರಕ್ಕೆ ಕಬ್ಬೇ ಇರುವುದಿಲ್ಲ.

ಈಗ ನೋಡಿಕೊಂಡು, ಮೊದಲನೆಯದರ ಪಕ್ಕದಲ್ಲೇ ಎರಡನೇ ಚಿತ್ರ. ನೀವು ವಿವರಣೆ ಕೊಡಬೇಡಿ, ಸುಮ್ನೆ ಕೇಳುತ್ತಾ ಓಡಾಡಿ. ಕಣ್ಣು ಯಾವ ಕಡೆ ಇದೆ? ಗಿಣ್ಣಿನ ಸುತ್ತ ಏನಾದರೂ ಕಾಣುತ್ತಾ? "ಮಿಸ್, ಅತ್ಲಾಗೊಂದು ಇತ್ಲಾಗೊಂದು!" ಅಂತ ಒಬ್ಬಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಗಿಣ್ಣಿನ ಸುತ್ತ ಸಣ್ಣ ಚುಕ್ಕಿಗಳ ಸಾಲೂ ಸಿಗುತ್ತದೆ. ನಾಟಿ ಮಾಡಿದರೆ ಬೇರು ಹೊರಡುವುದು ಅಲ್ಲಿಂದ, ಮೊಳಕೆ ಕಣ್ಣಿನಿಂದ. ಇದನ್ನೂ ಹೇಳಬೇಡಿ. ಒಂದು ತುಂಡನ್ನು ಒದ್ದೆ ಮಣ್ಣಿನಲ್ಲಿ ಮಲಗಿಸಿಟ್ಟು, ಆಗಾಗ ಮೆಲ್ಲಗೆ ಮಣ್ಣು ಸರಿಸಿ ಬರೆಯಿಸಿ. ಎರಡು ಮೂರು ವಾರ ಬೇಕಾಗಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಗಾಜಿನ ಲೋಟದಲ್ಲಿ ಒದ್ದೆ ಕಾಗದ ಇಟ್ಟು ಹೆಸರುಕಾಳು ಮೊಳಕೆ ಬರಿಸಿ.

ನನಗೆ ತುಂಬ ಇಷ್ಟವಾದದ್ದು ಕತ್ತರಿಸುವ ಭಾಗ. ಚಾಕು ನಿಮ್ಮ ಕೈಯಲ್ಲೇ ಇರಲಿ. ಅಡ್ಡ ಕೊಯ್ದರೆ ಒಳಗೆ ಹೇಗೆ ಕಾಣುತ್ತದೆ, ಉದ್ದಕ್ಕೆ ಸೀಳಿದರೆ ಹೇಗೆ, ಕೊಯ್ಯುವ ಮುಂಚೆಯೇ ಬರೆಯಲಿ. ಜಾಸ್ತಿ ಮಕ್ಕಳು ಎರಡನ್ನೂ ಒಂದೇ ಥರ ಬರೆಯುತ್ತಾರೆ. ಕೊಯ್ದಾಗ ಒಂದರಲ್ಲಿ ಬರೀ ಚುಕ್ಕಿ, ಇನ್ನೊಂದರಲ್ಲಿ ಗೆರೆ. "ಚುಕ್ಕಿ ಎಲ್ಲಿ ಹೋಯ್ತು?" ಅಂತ ಕೇಳಿ ಕಾಯಿರಿ. ಒಂದು ನಿಮಿಷ ಗಪ್‌ಚಿಪ್. ಆಮೇಲೆ ಯಾರಾದರೂ ಪೆನ್ಸಿಲ್ ಎತ್ತಿ ತುದಿ ತೋರಿಸುತ್ತಾರೆ: ಈ ಕಡೆಯಿಂದ ನೋಡಿದರೆ ಚುಕ್ಕಿ, ಪಕ್ಕದಿಂದ ಗೆರೆ, ಅಲ್ವಾ? ಕಬ್ಬು ಅಗಿದಾಗ ಉಗಿಯುವ ನಾರೇ ಅದು. ಬೇರಿನ ನೀರು ಮೇಲೆ ಹತ್ತುವ ದಾರಿಯೂ ಅದರೊಳಗೇ.

ಅಂದವಾದ ಚಿತ್ರಕ್ಕೆ ವೆರಿ ಗುಡ್ ಹಾಕಬೇಡಿ. ಮೊದಲಿಗೂ ಎರಡನೆಯದಕ್ಕೂ ಏನು ಬದಲಾಯಿತು ಅಂತ ಒಂದು ಸಾಲು ಬರೆಸಿ, ಅದಕ್ಕೆ ಹಾಕಿ.

ಕಬ್ಬು ಮುಗಿದ ಮೇಲೆ ನೆರಳು ಹಿಡಿಯಿರಿ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನದ ನೆರಳನ್ನು ಮೊದಲೇ ಊಹಿಸಿ ಬರೆಯಲಿ. ನಡುಹಗಲಿಗೆ ನೆರಳೇ ಇರಲ್ಲ ಅನ್ನುತ್ತಾರೆ ಮಕ್ಕಳು. ಮಂಡ್ಯದಲ್ಲಿ ಅದು ಪೂರ್ತಿ ಮಾಯವಾಗುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 23 ಮತ್ತು ಆಗಸ್ಟ್ 19ರ ಆಸುಪಾಸಿಗೆ, ಅದೂ ಸುಮಾರು 12.20ರಿಂದ 12.25ರ ಹೊತ್ತಿಗೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಕಾದು ನಿಂತರೆ ನಮಗೆ ಎರಡು ವರ್ಷದಿಂದ ಮೋಡ.