ಅಂಕ ಮೊದಲು, ಬೆಲೆ ಆಮೇಲೆ: ಸಿಂಗಲ್ ಮಾಲ್ಟ್ ಸ್ಕಾಚ್ ರುಚಿ ನೋಡುವುದು ಹೇಗೆ?

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ ನಾವು ಐದು ಜನ ಗೆಳೆಯರು ಒಬ್ಬೊಬ್ಬರು ಒಂದೊಂದು ಬಾಟಲಿ ಸಿಂಗಲ್ ಮಾಲ್ಟ್ ತಂದು ಸೇರಿದ್ದೆವು. ನನ್ನ ತಂಗಿ ಕುಡಿಯುವುದಿಲ್ಲ. ಅವಳೇ ಅಡುಗೆಮನೆಯಲ್ಲಿ ನಿಂತು ಗ್ಲಾಸುಗಳಿಗೆ ಸುರಿದು, ಬುಡಕ್ಕೆ 1ರಿಂದ 5ರವರೆಗೆ ನಂಬರ್ ಚೀಟಿ ಅಂಟಿಸಿ ಕಳಿಸಿದಳು. ಎರಡು ಗಂಟೆ ಮೂಸಿ, ಗುಟುಕರಿಸಿ, ಅಂಕ ಬರೆದು ಕೂಡಿಸಿ ನೋಡಿದರೆ ಮೊದಲು ಬಂದದ್ದು ಐದರಲ್ಲಿ ಕಡಿಮೆ ಬೆಲೆಯ 12 ವರ್ಷದ ಬಾಟಲಿ. ಎಲ್ಲಕ್ಕಿಂತ ದುಬಾರಿಯಾದ 18 ವರ್ಷದ್ದು ನಾಲ್ಕನೆಯದು. ಅದನ್ನು ತಂದ ಗೆಳೆಯನೇ ಅದಕ್ಕೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿದ್ದ. ಮುಂದಿನ ವಾರ ಅದೇ ಬಾಟಲಿಯನ್ನು ಲೇಬಲ್ ಎದುರಿಗಿಟ್ಟುಕೊಂಡು ಕುಡಿದಾಗ ಐವರಿಗೂ ಅದು ಚೆನ್ನಾಗಿದೆ ಅನ್ನಿಸಿತು!

ನಾಲಿಗೆ ಅದೇ, ವಿಸ್ಕಿ ಅದೇ. ಬದಲಾಗಿದ್ದು ಕಣ್ಣಿಗೆ ಬಿದ್ದ ಲೇಬಲ್ ಮತ್ತು ತಲೆಯಲ್ಲಿದ್ದ ಬೆಲೆ. ಅವತ್ತಿನಿಂದ ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ: ರುಚಿಗೆ ಅಂಕ ಬರೆದು ಮುಗಿಸುವವರೆಗೆ ಬೆಲೆ, ವಯಸ್ಸು, ಹೆಸರು ಯಾವುದೂ ಗೊತ್ತಿರಬಾರದು. ಇದನ್ನು ಮನೆಯಲ್ಲೇ ಹೇಗೆ ಮಾಡುವುದು ಅಂತ ಹೇಳುತ್ತೇನೆ.

ಮೊದಲು, ಏನಿದು ಸಿಂಗಲ್ ಮಾಲ್ಟ್ ಸ್ಕಾಚ್?

ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾತ್ರ, ಪಾಟ್ ಸ್ಟಿಲ್ ಎನ್ನುವ ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸಿದ್ದು. ಅದನ್ನು ಸ್ಕಾಟ್ಲೆಂಡಿನಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು, ಬಾಟಲಿಯಲ್ಲಿ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರದು. 2009ರ ಸ್ಕಾಚ್ ವಿಸ್ಕಿ ನಿಯಮಗಳು ಹೇಳುವುದು ಇಷ್ಟು. 'ಸಿಂಗಲ್' ಅಂದರೆ ಒಂದೇ ಪೀಪಾಯಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಒಂದೇ ಡಿಸ್ಟಿಲರಿ ಅಂತ ಅರ್ಥ. ಒಂದು ಬಾಟಲಿಯೊಳಗೆ ಎಷ್ಟೋ ಪೀಪಾಯಿಗಳ ವಿಸ್ಕಿ ಸೇರಿರಬಹುದು. ಲೇಬಲ್ ಮೇಲೆ 12 ಅಂತ ಇದ್ದರೆ ಅದರೊಳಗಿನ ಅತಿ ಚಿಕ್ಕದರ ವಯಸ್ಸು 12.

ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಐಲಾ, ಕ್ಯಾಂಬೆಲ್‌ಟೌನ್ ಅಂತ ಐದು ಪ್ರದೇಶಗಳಿವೆ. ಪ್ರದೇಶ ನೋಡಿ ರುಚಿ ಊಹಿಸಲು ಹೋಗಬೇಡಿ. ಐಲಾ ದ್ವೀಪ ಅಂದರೆ ಹೊಗೆ ವಾಸನೆಯ ವಿಸ್ಕಿ ಅಂತ ಮಾತು, ಆದರೆ ಅಲ್ಲಿನದೇ ಬುನ್ನಹಾವನ್ 12ರಲ್ಲಿ ಹೊಗೆ ಹುಡುಕಿದರೂ ಸಿಗುವುದು ಕಷ್ಟ.

ಹಂತ 1: ಜಾಗ, ಗ್ಲಾಸು, ಸರದಿ

ನಮ್ಮ ಮನೆಗಳಲ್ಲಿ ಇದರ ದೊಡ್ಡ ಶತ್ರು ಒಗ್ಗರಣೆ. ಇಂಗು, ಬೆಳ್ಳುಳ್ಳಿ ಸಿಡಿದ ಮನೆಯಲ್ಲಿ ಎರಡು ಗಂಟೆಯವರೆಗೆ ಮೂಗು ಬೇರೆ ಕೆಲಸಕ್ಕೆ ಬರುವುದಿಲ್ಲ. ಅಗರಬತ್ತಿ, ಸೆಂಟು, ಮಲ್ಲಿಗೆ ಮಾಲೆ, ಸೊಳ್ಳೆ ಬತ್ತಿ ಕೂಡ ಹಾಗೆಯೇ. ಕಿಟಕಿ ತೆಗೆದಿಡಿ, ಫ್ಯಾನ್ ಆರಿಸಿ. ಊಟಕ್ಕೆ ಮುಂಚೆ ಕೂರಬೇಕು, ಆದರೆ ಬರೀ ಹೊಟ್ಟೆಯಲ್ಲಿ ಬೇಡ. ಮಧ್ಯೆ ಮಧ್ಯೆ ಬಾಯಿ ತೊಳೆಯಲು ನೀರು, ಜೊತೆಗೆ ಒಗ್ಗರಣೆ ಹಾಕದ ಸಾದಾ ಮಂಡಕ್ಕಿ. ಖಾರ ಮಿಕ್ಸ್ಚರ್, ಚಕ್ಕುಲಿ ಎಲ್ಲಾ ಅಂಕ ಬರೆದಾದ ಮೇಲೆ.

ಗ್ಲಾಸು ಹೊಟ್ಟೆ ದಪ್ಪ, ಬಾಯಿ ಕಿರಿದು ಇರಬೇಕು. 2001ರಲ್ಲಿ ಮಾರುಕಟ್ಟೆಗೆ ಬಂದ ಗ್ಲೆನ್‌ಕೇರ್ನ್ ಗ್ಲಾಸ್ ಇದಕ್ಕೆಂದೇ ಮಾಡಿದ್ದು. ಅದಿಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸ್ ಸಾಕು. ಅಗಲ ಬಾಯಿಯ ಟಂಬ್ಲರಿನಲ್ಲಿ ಘಮ ಎಲ್ಲಾ ಗಾಳಿಗೆ ಹೋಗುತ್ತದೆ. ಗ್ಲಾಸಿಗೆ ಟಿಶ್ಯೂ ಸುತ್ತಿದರೆ ಇನ್ನೂ ಒಳ್ಳೆಯದು. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನೇ ಬಿಟ್ಟಿದೆ, ಹಾಗಾಗಿ ಗಾಢ ಬಣ್ಣ ಕಂಡ ತಕ್ಷಣ ಹಳೆಯದು ಅಂತ ಅನ್ನಿಸಿದರೆ ಅದು ಕಣ್ಣು ಮಾಡುವ ಮೋಸ.

ಒಬ್ಬರಿಗೆ ಒಂದು ಗ್ಲಾಸಿನಲ್ಲಿ 15 ಮಿ.ಲೀ. ಸಾಕು. ಒಂದು ಸಂಜೆಗೆ ನಾಲ್ಕು ಅಥವಾ ಐದು, ಜಾಸ್ತಿ ಬೇಡ. ಐದಾದರೆ 75 ಮಿ.ಲೀ. ಆಯಿತು, ಅದೇನು ಕಡಿಮೆ ಅಲ್ಲ. ಉಗುಳಲು ಒಂದು ಲೋಟ ಇಡಿ, ವೃತ್ತಿಯವರೂ ಉಗುಳುತ್ತಾರೆ. ವಾಪಸ್ ಹೋಗಲು ಆಟೋನೋ ಕ್ಯಾಬೋ ಮೊದಲೇ ಗೊತ್ತು ಮಾಡಿಕೊಳ್ಳಿ.

ಸರದಿ ತಪ್ಪಿದರೆ ಸಂಜೆಯೇ ಹಾಳು. ನಮ್ಮ ಮೊದಲ ಕೂಟದಲ್ಲಿ ಹೊಗೆ ವಿಸ್ಕಿಯನ್ನು ಮೊದಲಿಗೇ ಇಟ್ಟುಬಿಟ್ಟಿದ್ದೆವು. ಆಮೇಲಿನ ಮೂರೂ ಬಿಸಿನೀರು ಕುಡಿದ ಹಾಗೆ ಸಪ್ಪೆ. ಹಗುರದಿಂದ ಭಾರಕ್ಕೆ ಹೋಗಬೇಕು: ಮೊದಲು ಮೂರು ಸಲ ಭಟ್ಟಿ ಇಳಿಸುವ ಆಕೆಂಟಾಶನ್ ಥರದ ಮೆದು ವಿಸ್ಕಿ, ಆಮೇಲೆ ಗ್ಲೆನ್‌ಲಿವೆಟ್ ಥರದ್ದು, ಆಮೇಲೆ ಗ್ಲೆನ್‌ಫಾರ್ಕ್ಲಾಸ್‌ನಂಥ ಶೆರ್ರಿ ಪೀಪಾಯಿಯದು, ಆಮೇಲೆ ಸ್ವಲ್ಪ ಹೊಗೆಯ ಟ್ಯಾಲಿಸ್ಕರ್, ಕಡೆಗೆ ಗಾಢ ಹೊಗೆಯ ಆರ್ಡ್‌ಬೆಗ್. ಈ ಸರದಿಯನ್ನು ಸುರಿಯುವವರು ನೋಡಿಕೊಳ್ಳಲಿ, ಕುಡಿಯುವವರಿಗೆ ನಂಬರ್ ಮಾತ್ರ ಗೊತ್ತಿರಲಿ.

ಹಂತ 2: ಮೂಗು

ಅರ್ಧ ಕೆಲಸ ಇಲ್ಲೇ. ಸುರಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಘಾಟು ಹೊಡೆದು ಐದು ನಿಮಿಷ ಏನೂ ಗೊತ್ತಾಗುವುದಿಲ್ಲ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನಕ್ಕೆ ಎಳೆದುಕೊಳ್ಳಿ. ಮೂಗು ಸೋತಿತು ಅನ್ನಿಸಿದರೆ ನಿಮ್ಮ ಅಂಗಿಯ ತೋಳನ್ನೇ ಮೂಸಿ, ಮತ್ತೆ ಸರಿ ಹೋಗುತ್ತದೆ.

ಈಗ ಬರೆಯಬೇಕು. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ವಿಸ್ಕಿ ಬರಹಗಳಲ್ಲಿ ಹೆದರ್ ಹೂವು, ಕ್ರಿಸ್‌ಮಸ್ ಕೇಕ್, ಗೂಸ್‌ಬೆರ್ರಿ ಅಂತೆಲ್ಲ ಇರುತ್ತದೆ. ಹೆದರ್ ಹೂವನ್ನು ನಮ್ಮಲ್ಲಿ ಎಷ್ಟು ಜನ ಮೂಸಿದ್ದೇವೆ? ಮೂಸದ ಹೂವಿನ ಹೆಸರು ಬರೆದರೆ ಆರು ತಿಂಗಳ ನಂತರ ನಿಮ್ಮ ಟಿಪ್ಪಣಿ ನಿಮಗೇ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಮನೆಯ, ನಿಮ್ಮ ಊರಿನ ವಾಸನೆಗಳನ್ನೇ ಬರೆಯಿರಿ. ಇದು ಸುಮ್ನೆ ಅಭಿಮಾನದ ಮಾತಲ್ಲ, ಇದರ ಹಿಂದೆ ಕೆಮಿಸ್ಟ್ರಿ ಇದೆ. ವಿಸ್ಕಿಯಲ್ಲಿ ಲವಂಗದ ವಾಸನೆ ಬಂದರೆ ಅದು ಓಕ್ ಮರದಿಂದ ಇಳಿದ ಯೂಜಿನಾಲ್, ನಿಮ್ಮ ಡಬ್ಬಿಯ ಲವಂಗದಲ್ಲಿ ಇರುವುದೂ ಅದೇ ಯೂಜಿನಾಲ್. ಬಾಳೆಹಣ್ಣಿನ ಘಮ ಬಂದರೆ ಅದು ಹುದುಗುವಾಗ ಹುಟ್ಟಿದ ಐಸೋಅಮೈಲ್ ಅಸಿಟೇಟ್, ಬಾಳೆಹಣ್ಣಿನಲ್ಲೂ ಅದೇ. ಕೊಬ್ಬರಿ ಮಿಠಾಯಿ ನೆನಪಾದರೆ ಓಕ್ ಲ್ಯಾಕ್ಟೋನ್. ಹಂಡೆ ಒಲೆಯ ಹೊಗೆ ಬಂದರೆ ಗ್ವಾಯಕಾಲ್, ಕಟ್ಟಿಗೆ ಉರಿದಾಗಲೂ ಹುಟ್ಟುವುದು ಅದೇ. ಆಸ್ಪತ್ರೆಯ ವಾಸನೆ ಬಂದರೆ ಕ್ರೆಸಾಲ್. ಸ್ಕಾಟ್ಲೆಂಡಿನ ಅಜ್ಜನ ಮೂಗಿಗೂ ತೀರ್ಥಹಳ್ಳಿಯ ಅಜ್ಜಿಯ ಮೂಗಿಗೂ ಬರುವುದು ಒಂದೇ ಕಣ, ಹೆಸರು ಮಾತ್ರ ಅವರವರ ನೆನಪಿನದು.

ಟ್ಯಾಲಿಸ್ಕರ್ 10ಕ್ಕೆ ನನ್ನ ಪುಸ್ತಕದಲ್ಲಿ ಹೀಗಿದೆ: "ಬಂದರಿನ ಒದ್ದೆ ಹಗ್ಗ. ಒಲೆ ಆರಿದ ಮೇಲಿನ ಬೂದಿ. ಸಿಪ್ಪೆ ಸಮೇತ ಸೀಬೆ. ನುಂಗಿದ ಮೇಲೆ ಮೆಣಸಿನ ಸಾರು, ಗಂಟಲಿನ ತನಕ." ಎರಡು ವರ್ಷದ ಹಿಂದಿನ ಟಿಪ್ಪಣಿ ಇದು. ಈಗಲೂ ಓದಿದರೆ ಬಾಯಲ್ಲಿ ಆ ಖಾರ ಬರುತ್ತದೆ.

ಪೀಪಾಯಿ ಬಗ್ಗೆ ಒಂದು ಮಾತು. ಅಮೆರಿಕದ ಕಾನೂನಿನಲ್ಲಿ ಬರ್ಬನ್ ಎನ್ನುವ ಅಲ್ಲಿನ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ. ಅವು ಕೊಡುವುದು ವೆನಿಲಾ, ಕೊಬ್ಬರಿ, ಜೇನು. ಸ್ಪೇನ್‌ನ ಶೆರ್ರಿ ವೈನ್ ಇದ್ದ ಪೀಪಾಯಿ ಕೊಡುವುದು ಒಣದ್ರಾಕ್ಷಿ, ಅಂಜೂರ, ಅಕ್ರೋಟು, ಜೋನಿ ಬೆಲ್ಲ. ಈ ಎರಡನ್ನು ಬೇರೆ ಮಾಡಲು ಕಲಿತರೆ ಮುಂದಿನದೆಲ್ಲ ಸಲೀಸು.

ಹಂತ 3: ಬಾಯಿ, ಆಮೇಲೆ ನೀರು

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ಬಾಯಿ ಹದಕ್ಕೆ ಬರಲು. ಎರಡನೆಯದನ್ನು ಹತ್ತು ಸೆಕೆಂಡಾದರೂ ಬಾಯಲ್ಲಿ ಆಡಿಸಿ. ಸಿಹಿ, ಹುಳಿ, ಒಗರು, ಖಾರ ಯಾವುದು ಮೊದಲು ಬಂತು, ಯಾವುದು ಆಮೇಲೆ? ನೀರಿನಷ್ಟು ತೆಳುವೋ, ಎಣ್ಣೆಯಂತೆ ನಾಲಿಗೆಗೆ ಅಂಟುತ್ತದೋ? ನುಂಗಿದ ಮೇಲೆ ಗಡಿಯಾರ ನೋಡಿ. ರುಚಿ ಅರ್ಧ ನಿಮಿಷದಲ್ಲಿ ಮಾಯವಾಗುತ್ತದೋ, ಎರಡು ನಿಮಿಷ ಉಳಿಯುತ್ತದೋ, ಉಳಿದದ್ದು ಹಿತವೋ ಕಹಿಯೋ? ಕೊನೆಯ ಪ್ರಶ್ನೆ ಮುಖ್ಯ. ಬಹಳ ಹೊತ್ತು ಉಳಿಯುವುದೆಲ್ಲ ಒಳ್ಳೆಯದು ಅಂತೇನಿಲ್ಲ.

ಈಗ ಚಮಚದಲ್ಲಿ ನಾಲ್ಕೈದು ಹನಿ ನೀರು ಬಿಡಿ. ನೀರು ಹಾಕಿದರೆ ಸಿಂಗಲ್ ಮಾಲ್ಟ್‌ಗೆ ಅವಮಾನ ಅನ್ನುವವರ ಮಾತು ಕೇಳಬೇಡಿ. ಹಲವು ವಿಸ್ಕಿ ಬೆರೆಸಿ ಬ್ಲೆಂಡ್ ಮಾಡುವ ವೃತ್ತಿಯವರು ಆಲ್ಕೋಹಾಲನ್ನು ಶೇ. 20ರ ಹತ್ತಿರಕ್ಕೆ ಇಳಿಸಿಯೇ ಮೂಸುತ್ತಾರೆ. ಗ್ವಾಯಕಾಲ್ ಕಣಗಳಿಗೆ ನೀರಿಗಿಂತ ಆಲ್ಕೋಹಾಲ್ ಇಷ್ಟ. ಆಲ್ಕೋಹಾಲ್ ಜಾಸ್ತಿ ಇದ್ದಾಗ ಅವು ಒಳಗೆ ಅಡಗಿರುತ್ತವೆ, ನೀರು ಬಿದ್ದಾಗ ಮೇಲಕ್ಕೆ ಬರುತ್ತವೆ ಅಂತ 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಐಸ್ ಮಾತ್ರ ಅಂಕ ಕೊಡುವಾಗ ಬೇಡ, ತಂಪಿಗೆ ಘಮ ಮುದುಡಿಕೊಳ್ಳುತ್ತದೆ.

ಹಂತ 4: ಅಂಕ

ಮೂಗಿಗೆ 25, ಬಾಯಿಗೆ 25, ನುಂಗಿದ ನಂತರದ್ದಕ್ಕೆ 25, ಒಟ್ಟು ಹೊಂದಾಣಿಕೆಗೆ 25. ಇದು ಹಳೆಯ, ತುಂಬಾ ಜನ ಬಳಸುವ ಪದ್ಧತಿ. ಇದರ ತೊಂದರೆ ಏನೆಂದರೆ ಮನಸ್ಸು ಖುಷಿಯಾಗಿದ್ದ ದಿನ ಎಲ್ಲಕ್ಕೂ 85ರ ಮೇಲೆ ಬೀಳುತ್ತದೆ. ಅದಕ್ಕೆ ನಾವು ಪ್ರತಿ ಸಲವೂ ಒಂದೇ ಬಾಟಲಿಯನ್ನು ಅಳತೆಗೋಲಾಗಿ ಮೇಜಿನ ಮೇಲೆ ಇಡುತ್ತೇವೆ. ನಮ್ಮದು ಗ್ಲೆನ್‌ಲಿವೆಟ್ 12. ಅದಕ್ಕೆ ಯಾವಾಗಲೂ 75. ಉಳಿದದ್ದು ಅದಕ್ಕಿಂತ ಎಷ್ಟು ಮೇಲು, ಎಷ್ಟು ಕೆಳಗೆ, ಅಷ್ಟೇ ಪ್ರಶ್ನೆ.

ಬರೆಯುವಾಗ ಮಾತಾಡಬಾರದು. ಒಬ್ಬರು "ಅನಾನಸ್" ಅಂದರೆ ಸಾಕು, ಎಲ್ಲರ ಗ್ಲಾಸಿನಲ್ಲೂ ಅನಾನಸ್ ಬಂದುಬಿಡುತ್ತದೆ. ಮತ್ತೆ, ಆಗಷ್ಟೇ ಬಿರಡೆ ತೆಗೆದ ಬಾಟಲಿಗೆ ಕೊಟ್ಟ ಅಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಬಿಗಿಯಾಗಿದ್ದದ್ದು ಅರಳಿರುತ್ತದೆ, ಕೆಲವು ಸೊರಗಿರುತ್ತವೆ. ಎರಡರ ಸರಾಸರಿ ತೆಗೆದು ಪೆನ್ನಿನಲ್ಲಿ ಬರೆಯಿರಿ.

ಹಂತ 5: ಕೊಟ್ಟ ದುಡ್ಡಿಗೆ ಸರಿಯೇ?

ಅಂಕವನ್ನು ಬೆಲೆಯಿಂದ ಭಾಗಿಸುವವರಿದ್ದಾರೆ. ಅದು ತಪ್ಪು ಲೆಕ್ಕ. ಹಾಗೆ ಮಾಡಿದರೆ ಹೆಚ್ಚಿನ ಸಲ ಎಲ್ಲಕ್ಕಿಂತ ಅಗ್ಗದ್ದೇ ಗೆಲ್ಲುತ್ತದೆ, ಕುಡಿಯಲು ಆಗದಿದ್ದರೂ ಸರಿ. ನಾವು ಮಾಡುವುದು ಬೇರೆ. ಅಂಕ ಬರೆದ ಕೂಡಲೇ, ಹೆಸರು ಗೊತ್ತಾಗುವ ಮೊದಲು, ಪ್ರತಿಯೊಬ್ಬರೂ ಇನ್ನೊಂದು ಸಂಖ್ಯೆ ಬರೆಯಬೇಕು: ಈ ಬಾಟಲಿಗೆ ನನ್ನ ಜೇಬಿನಿಂದ ಎಷ್ಟು ಕೊಡುತ್ತೇನೆ? ಆಮೇಲೆ ನಿಜವಾದ ಬೆಲೆ ಓದಿ. ಬರೆದದ್ದು 7,000, ಬೆಲೆ 5,500 ಆದರೆ ಅದು ಲಾಭದ ಬಾಟಲಿ. ಬರೆದದ್ದು 6,000, ಬೆಲೆ 14,000 ಆದರೆ ಮತ್ತೆ ಕೊಳ್ಳುವ ಮಾತಿಲ್ಲ. 75ಕ್ಕಿಂತ ಕಡಿಮೆ ಅಂಕ ಬಂದದ್ದನ್ನು ಈ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಾಟಲಿ ಹೋಲಿಸುವಾಗ ಅಳತೆ ಮತ್ತು ಆಲ್ಕೋಹಾಲ್ ಶೇಕಡಾ ಎರಡನ್ನೂ ನೋಡಿ. ಉದಾಹರಣೆಗೆ ಶೇ. 40ರ 750 ಮಿ.ಲೀ. ಬಾಟಲಿ 6,000 ರೂಪಾಯಿ ಅಂತಿರಲಿ, ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ ಶೇ. 58ರ 700 ಮಿ.ಲೀ. ಬಾಟಲಿ 8,000. ಮೊದಲನೆಯದು ಮಿ.ಲೀ.ಗೆ 8 ರೂಪಾಯಿ, ಎರಡನೆಯದು ಸುಮಾರು 11 ರೂಪಾಯಿ 43 ಪೈಸೆ. ಆದರೆ ಎರಡನೆಯದನ್ನು ಮನೆಯಲ್ಲಿ ನೀರು ಹಾಕಿ ಶೇ. 40ಕ್ಕೆ ಇಳಿಸಿದರೆ ಸುಮಾರು 1,015 ಮಿ.ಲೀ. ಆಗುತ್ತದೆ. ಆಗ ಮಿ.ಲೀ.ಗೆ 7 ರೂಪಾಯಿ 88 ಪೈಸೆ. ದುಬಾರಿ ಅಂದುಕೊಂಡದ್ದೇ ಅಗ್ಗ ಆಯಿತು, ಅಲ್ವಾ?

ಲೇಬಲ್ ಮೇಲೆ ಶೇ. 46 ಅಥವಾ ಹೆಚ್ಚು, 'ನಾನ್ ಚಿಲ್ ಫಿಲ್ಟರ್ಡ್', 'ನ್ಯಾಚುರಲ್ ಕಲರ್' ಅಂತ ಇದ್ದರೆ ನನಗೆ ಸ್ವಲ್ಪ ಭರವಸೆ ಬರುತ್ತದೆ. 'ಚಿಲ್ ಫಿಲ್ಟರ್' ಅಂದರೆ ತಣ್ಣಗೆ ಮಾಡಿ ಸೋಸುವುದು. ಹಾಗೆ ಸೋಸಿದರೆ ವಿಸ್ಕಿ ಮಬ್ಬಾಗುವುದಿಲ್ಲ, ಆದರೆ ಬಾಯಿಗೆ ಜಿಡ್ಡಿನ ಮೈಕಟ್ಟು ಕೊಡುವ ಅಂಶಗಳೂ ಸ್ವಲ್ಪ ಹೋಗುತ್ತವೆ. ಬುನ್ನಹಾವನ್ 12 ಶೇ. 46.3, ಆರ್ಡ್‌ಬೆಗ್ 10 ಶೇ. 46, ಎರಡನ್ನೂ ಹಾಗೆ ಸೋಸುವುದಿಲ್ಲ.

ವಯಸ್ಸಿನ ಅಂಕಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಇದನ್ನೂ ನೋಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ನಮ್ಮ ಬೆಂಗಳೂರಿನಲ್ಲಿ ಶೇ. 10ರಿಂದ 12. ಅಂದರೆ ಇಲ್ಲಿನ ಬಿಸಿಗೆ ಪೀಪಾಯಿಯ ಕೆಲಸ ಬೇಗ ಆಗುತ್ತದೆ. 2004ರಲ್ಲಿ ಗ್ಲಾಸ್ಗೋಗೇ ಹೋಗಿ ಮೊದಲು ಮಾರಾಟಕ್ಕೆ ಬಂದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಕೆಲವೇ ವರ್ಷ ಪೀಪಾಯಿಯಲ್ಲಿದ್ದದ್ದು. ಇಂಥದ್ದೊಂದನ್ನು ಯಾರಿಗೂ ಹೇಳದೆ ಸ್ಕಾಚ್‌ಗಳ ನಡುವೆ ಸೇರಿಸಿ ನೋಡಿ, ವರ್ಷದ ಲೆಕ್ಕ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ರುಚಿಯ ಅಂಕ ಎಲ್ಲಾ ಊರಿನಲ್ಲೂ ಒಂದೇ. ಬೆಲೆಯ ಅಂಕ ಹಾಗಲ್ಲ, ಅದರ ಪಕ್ಕ ಊರು ಮತ್ತು ತಾರೀಖು ಬರೆಯಲೇಬೇಕು. ಭಾರತದಲ್ಲಿ ಸ್ಕಾಚ್ ಮೇಲೆ ಇದ್ದ ಆಮದು ಸುಂಕ ಶೇ. 150. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಂತೆ ಅದು ಮೊದಲು ಶೇ. 75ಕ್ಕೆ, ನಂತರ ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಯಬೇಕು. ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. ವಿದೇಶದಿಂದ ಬರುವವರು ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್ ತರಬಹುದು, ಆದರೆ ವಿಮಾನ ನಿಲ್ದಾಣದ 1 ಲೀಟರ್ ಬಾಟಲಿಯ ದರವನ್ನೂ ಮಿ.ಲೀ. ಲೆಕ್ಕದಲ್ಲೇ ಹೋಲಿಸಿ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಬಾಟಲಿ ತೆರೆದ ದಿನ ಅದರ ಬೆನ್ನಿಗೆ ಒಂದು ತುಂಡು ಟೇಪ್ ಅಂಟಿಸಿ ತಾರೀಖು ಬರೆಯಿರಿ. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳದ ಜಾಗ ಇರಲಿ. ಖಾಲಿಯಾದ ದಿನ ಎರಡನೇ ತಾರೀಖು ಬರೆಯಿರಿ. ನನ್ನ ಕಪಾಟಿನಲ್ಲಿ 88 ಅಂಕ ಬಂದ ಒಂದು ಬಾಟಲಿ ಒಂದೂವರೆ ವರ್ಷದಿಂದ ಅರ್ಧಕ್ಕೇ ನಿಂತಿದೆ. 81 ಬಂದ ಒಂದು ನಾಲ್ಕು ತಿಂಗಳಲ್ಲಿ ಮುಗಿಯಿತು. ಮುಂದಿನ ಸಲ ಅಂಗಡಿಗೆ ಹೋದಾಗ ನಾನು ತರುವುದು ಆ 81ರದ್ದನ್ನೇ.